ಹಳೆಯ ತೇಗದ ಮೇಜಿಗೆ ವಾಟರ್ ಬೇಸ್ ಪಿಯು ಪಾಲಿಶ್: ಕೊಡಗಿನಲ್ಲಿ ಹಚ್ಚಿದವರ ಅನುಭವ ಬೇಕು

ನಾಪೋಕ್ಲು ಕಡೆಯಿಂದ ಪ್ರಶ್ನೆ:

ಅಜ್ಜನ ಕಾಲದ ತೇಗದ ಊಟದ ಮೇಜು ಇದೆ. ಮಳೆಗಾಲ ಬಂದರೆ ಬೂಷ್ಟು ಹಿಡಿಯುತ್ತದೆ, ಬಿಸಿ ಪಾತ್ರೆ ಇಟ್ಟಲ್ಲೆಲ್ಲ ಬಿಳಿ ಉಂಗುರ ಮೂಡುತ್ತದೆ. ತೋಟದ ಸಿಲ್ವರ್ ಓಕ್‌ನಿಂದ ಹೊಸದಾಗಿ ಮಾಡಿಸಿದ ಕಪಾಟೂ ಇದೆ. ಅಮ್ಮನಿಗೆ ಉಬ್ಬಸ ಇರುವುದರಿಂದ ಥಿನ್ನರ್ ವಾಸನೆಯ ಪಾಲಿಶ್ ಬೇಡ. ಬಣ್ಣವಿಲ್ಲದ ವಾಟರ್ ಬೇಸ್ ಪಿಯು, ಅಂದರೆ ನೀರಿನಲ್ಲಿ ಬೆರೆಸಿದ ಪಾಲಿಯುರೆಥೇನ್ ಪಾಲಿಶ್, ಹಚ್ಚೋಣ ಎಂದುಕೊಂಡಿದ್ದೇನೆ. ಕೈಲ್‌ಪೊಳ್ದ್ ಹಬ್ಬಕ್ಕೆ, ಅಂದರೆ ಸೆಪ್ಟೆಂಬರ್ ಆರಂಭಕ್ಕೆ, ನೆಂಟರು ಬರುತ್ತಾರೆ. ಅಷ್ಟರೊಳಗೆ ಮುಗಿಸಬಹುದೇ?

ಮಡಿಕೇರಿಯಿಂದ:

ಕೈಲ್‌ಪೊಳ್ದಿಗೆ ಆಗುವುದಿಲ್ಲ ಅಕ್ಕ, ಆಸೆ ಬಿಟ್ಟುಬಿಡಿ. ಈ ಪಾಲಿಶ್ ಒಣಗುವುದೇ ಅದರಲ್ಲಿರುವ ನೀರು ಗಾಳಿಗೆ ಹೋಗುವುದರಿಂದ. ಆಗಸ್ಟ್ ತಿಂಗಳಲ್ಲಿ ನಮ್ಮ ಗಾಳಿಯೇ ನೀರು ತುಂಬಿಕೊಂಡಿರುವಾಗ ಅದು ಹೋಗುವುದಾದರೂ ಎಲ್ಲಿಗೆ? ಮುಟ್ಟಿದರೆ ಒಣಗಿದಂತೆ ತೋರುತ್ತದೆ, ಒಳಗೆ ಹಸಿಯಾಗಿಯೇ ಉಳಿದು ಪದರ ಮಸುಕಾಗುತ್ತದೆ. ಎರಡು ಗಂಟೆಗೋ ನಾಲ್ಕು ಗಂಟೆಗೋ ಮುಂದಿನ ಕೋಟ್ ಎಂದು ಡಬ್ಬದ ಮೇಲೆ ಬರೆದಿರುವುದು ಒಣ ಹವೆಯ ಲೆಕ್ಕ.

ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಅಂದರೆ ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು, ಹಚ್ಚಿ. ತೇವಾಂಶ ತೋರಿಸುವ ಪುಟ್ಟ ಮೀಟರ್ ಒಂದನ್ನು ಕೊಂಡು ಕೋಣೆಯಲ್ಲಿಡಿ; ಶೇ 70ಕ್ಕಿಂತ ಕಡಿಮೆ ತೋರಿಸಿದ ದಿನ ಕೆಲಸಕ್ಕೆ ಕೂರಿ. ಬೆಳಗಿನ ಮಂಜು ಪೂರ್ತಿ ಕರಗಿದ ಮೇಲೆ ಆರಂಭಿಸಿ, ಮಧ್ಯಾಹ್ನವೇ ನಿಲ್ಲಿಸಿ. ರಾತ್ರಿಯ ಚಳಿ 10 ಡಿಗ್ರಿಯ ಹತ್ತಿರ ಇಳಿದರೆ ಹಸಿ ಪದರ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಬೇಗ ಒಣಗಲಿ ಎಂದು ಬಿಸಿಲಿಗೂ ಇಡಬೇಡಿ, ಬ್ರಷ್ಷಿನ ಗೆರೆಗಳು ಹಾಗೆಯೇ ನಿಂತುಬಿಡುತ್ತವೆ. ಅಂಗಳದಲ್ಲಿ ಕಾಫಿ ಒಣಗುವ ಕಾಲವಾದ್ದರಿಂದ ಧೂಳು ಬಾರದ ಹಿಂಬದಿಯ ಕೋಣೆಯೇ ವಾಸಿ.

ಗೋಣಿಕೊಪ್ಪಲಿನಿಂದ, ಮರಗೆಲಸ ಮಾಡುವವರು:

ಹವೆಯ ಮಾತು ಸರಿ. ಆದರೆ ಮೇಜಿನ ಮೇಲೆ ಈಗ ಏನಿದೆ ಎಂದು ತಿಳಿಯದೆ ಡಬ್ಬದ ಮುಚ್ಚಳ ತೆಗೆಯಬೇಡಿ. ಬಿಳಿ ಉಂಗುರ ಎನ್ನುತ್ತಿದ್ದೀರಿ, ಅದು ಬಹುತೇಕ ಫ್ರೆಂಚ್ ಪಾಲಿಶ್, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ ನೋಡಿ. ಅಂಟಂಟಾದರೆ ಅರಗೇ. ಇಷ್ಟು ವರ್ಷಗಳಲ್ಲಿ ಅದರ ಮೇಲೆ ಮೇಣವನ್ನೋ ಎಣ್ಣೆಯನ್ನೋ ಯಾರಾದರೂ ತಿಕ್ಕಿಯೇ ಇರುತ್ತಾರೆ. ಅದರ ಮೇಲೆ ನೀರಿನ ಪಾಲಿಶ್ ನಿಲ್ಲುವುದಿಲ್ಲ, ಅಲ್ಲಲ್ಲಿ ಸರಿದು ಗುಳಿ ಬೀಳುತ್ತದೆ. ಪೂರ್ತಿ ತೆಗೆದು ಬರಿಯ ಮರಕ್ಕೆ ಬನ್ನಿ.

ತೇಗಕ್ಕೆ ತನ್ನದೇ ಎಣ್ಣೆ ಇದೆ. ಉಜ್ಜಿದ ಮೇಲೆ ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿ, ಆರಿದ ಕೂಡಲೇ ಮೊದಲ ಕೋಟ್ ಕೊಡಬೇಕು. ತಡ ಮಾಡಿದರೆ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ. ಈ ಒರೆಸುವ ಕೆಲಸ ಜಗಲಿಯಲ್ಲಿ ನಡೆಯಲಿ, ಅಮ್ಮ ಒಳಗಿರಲಿ. ಒರೆಸುವ ಮೊದಲು ಇನ್ನೊಂದು ಕೆಲಸವಿದೆ. ನೀರು ತಾಗಿದರೆ ಮರದ ನಾರು ಎದ್ದು ಮೇಲ್ಮೈ ಒರಟಾಗುತ್ತದೆ. ಅದನ್ನು ನಾವೇ ಮೊದಲು ಎಬ್ಬಿಸಿಬಿಡಬೇಕು: ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ, 220 ನಂಬರಿನ ಸ್ಯಾಂಡ್ ಪೇಪರ್‌ನಿಂದ ನಾರಿನ ದಿಕ್ಕಿನಲ್ಲೇ ಹಗುರಾಗಿ ಉಜ್ಜಿ.

ಡಬ್ಬ ಕುಲುಕಬೇಡಿ, ಗುಳ್ಳೆ ಬರುತ್ತದೆ. ಕಡ್ಡಿಯಿಂದ ನಿಧಾನವಾಗಿ ಕಲಕಿ. ಹಾಲಿನ ಬಣ್ಣ ನೋಡಿ ಗಾಬರಿ ಬೇಡ, ಒಣಗಿದಾಗ ತಿಳಿಯಾಗುತ್ತದೆ. ಬ್ರಷ್ ನೈಲಾನ್ ಎಳೆಯದಾಗಿರಲಿ, ಪ್ರಾಣಿಯ ಕೂದಲಿನದು ನೀರು ಕುಡಿದು ಮೆತ್ತಗಾಗುತ್ತದೆ. ತೆಳುವಾಗಿ ಹಚ್ಚಿ, ಹಚ್ಚಿದ ಜಾಗಕ್ಕೆ ಮತ್ತೆ ಮತ್ತೆ ಬ್ರಷ್ ಆಡಿಸಬೇಡಿ. ಊಟದ ಮೇಜಿಗೆ ನಾಲ್ಕು ಕೋಟ್ ಬೇಕು. ಎರಡು ಕೋಟ್‌ಗಳ ನಡುವೆ 320 ನಂಬರಿನ ಪೇಪರ್‌ನಲ್ಲಿ ಉಜ್ಜಿ ನೋಡಿ: ಬಿಳಿ ಪುಡಿ ಉದುರಿದರೆ ಒಣಗಿದೆ, ಪೇಪರಿಗೆ ಮೆತ್ತಿಕೊಂಡರೆ ಇನ್ನೂ ಕಾಯಬೇಕು. ಗಡಿಯಾರಕ್ಕಿಂತ ನಾನು ಈ ಪುಡಿಯನ್ನೇ ನಂಬುತ್ತೇನೆ. ಸ್ಟೀಲ್ ವುಲ್ ಹತ್ತಿರಕ್ಕೂ ತರಬೇಡಿ, ಅದರ ಚೂರು ಪದರದೊಳಗೆ ಉಳಿದು ತುಕ್ಕು ಹಿಡಿದು ಕಪ್ಪು ಚುಕ್ಕೆಯಾಗುತ್ತದೆ.

ಕುಶಾಲನಗರದಿಂದ:

ಅಮ್ಮನ ಉಬ್ಬಸದ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲವಲ್ಲ. ವಾಟರ್ ಬೇಸ್ ಎಂದು ಬರೆದಿದ್ದರೂ ಎರಡು ಬಗೆ ಸಿಗುತ್ತವೆ. ಒಂದು ಡಬ್ಬದಿಂದ ನೇರವಾಗಿ ಹಚ್ಚುವುದು. ಇನ್ನೊಂದು ಹಾರ್ಡ್‌ನರ್ (ಪದರವನ್ನು ಗಟ್ಟಿ ಮಾಡುವ ದ್ರವ) ಬೆರೆಸಿ ಹಚ್ಚುವುದು. ಆ ಹಾರ್ಡ್‌ನರ್‌ನಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಇರುತ್ತದೆ, ಉಬ್ಬಸವನ್ನು ಕೆರಳಿಸುವ ವಸ್ತುಗಳಲ್ಲಿ ಅದು ಮುಖ್ಯವಾದದ್ದು. ಹೆಚ್ಚು ಗಟ್ಟಿ ಎಂದು ಅಂಗಡಿಯವರು ಎಷ್ಟೇ ಹೇಳಿದರೂ ನಿಮ್ಮ ಮನೆಗೆ ಅದು ಬೇಡವೇ ಬೇಡ. ಒಂದೇ ಡಬ್ಬದ್ದರಲ್ಲೂ ಸ್ವಲ್ಪ ದ್ರಾವಕ ಇರುತ್ತದೆ, ವಾಸನೆ ಕಡಿಮೆ ಅಷ್ಟೇ. ಉಜ್ಜುವ ಧೂಳೂ ಅವರಿಗೆ ಆಗದು, ಮಾಸ್ಕ್ ನಿಮಗೂ ಇರಲಿ.

ಬಣ್ಣದ ವಿಷಯವನ್ನೂ ಈಗಲೇ ಯೋಚಿಸಿ. ಅರಗು ತೇಗಕ್ಕೆ ಕೊಡುತ್ತಿದ್ದ ಹೊಂಬಣ್ಣವನ್ನು ಇದು ಕೊಡುವುದಿಲ್ಲ, ಮರ ಸ್ವಲ್ಪ ಪೇಲವವಾಗಿಯೇ ಕಾಣುತ್ತದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಮೇಣ ತೆಗೆದ ಅರಗನ್ನು ತೆಳುವಾಗಿ ಒಂದು ಕೈ ಹಚ್ಚಿ, ಪೂರ್ತಿ ಒಣಗಿದ ಮೇಲೆ ಪಿಯು ಕೊಟ್ಟೆ. ಬಣ್ಣವೂ ಬಂತು, ತೇಗದ ಎಣ್ಣೆಗೂ ತಡೆಯಾಯಿತು. ಡಬ್ಬದ ಮೇಲೆ ಮೇಣ ತೆಗೆದದ್ದು ಎಂದು ಇರಲೇಬೇಕು.

ಸೋಮವಾರಪೇಟೆಯಿಂದ:

ಕಪಾಟಿನ ಬಗ್ಗೆ ನನ್ನದೊಂದು ಮಾತು. ತೋಟದ ಸಿಲ್ವರ್ ಓಕ್ ಕೊಯ್ಸಿ ಎಷ್ಟು ದಿನವಾಯಿತು? ಹಸಿ ಹಲಗೆಗೆ ಪಾಲಿಶ್ ಹಚ್ಚಿದರೆ ಮರ ಕುಗ್ಗುವಾಗ ಕೀಲುಗಳು ಬಾಯಿ ಬಿಡುತ್ತವೆ. ಹುಳು ಕೊರೆದ ಹಿಟ್ಟು ಕೆಳಗೆ ಉದುರಿದೆಯೇ ಎಂದೂ ನೋಡಿ. ಒಳಗಿರುವ ಹುಳುವನ್ನು ಪಾಲಿಶ್ ಕೊಲ್ಲುವುದಿಲ್ಲ, ಅದಕ್ಕೆ ಮೊದಲೇ ಬೋರಾಕ್ಸ್ ದ್ರಾವಣ ಹಚ್ಚಿ ಒಣಗಿಸಬೇಕು. ಮೇಜಾಗಲಿ ಕಪಾಟಾಗಲಿ, ಅಡಿಭಾಗ ಮತ್ತು ಹಿಂಭಾಗಕ್ಕೂ ಕೋಟ್ ಕೊಡಿ. ಒಂದೇ ಮುಖ ಮುಚ್ಚಿದರೆ ಮಳೆಗಾಲದಲ್ಲಿ ಇನ್ನೊಂದು ಮುಖ ತೇವ ಹೀರಿ ಹಲಗೆ ಬಾಗುತ್ತದೆ.

ವಿರಾಜಪೇಟೆಯಿಂದ:

ಉಳಿದ ಪಾಲಿಶನ್ನು ಹೊರಗಿನ ಐಮರಕ್ಕೆ (ಜಗಲಿಯಲ್ಲಿ ಕೂರುವ ಮರದ ಹಲಗೆಗೆ) ಹಚ್ಚುವ ಯೋಚನೆ ಇದ್ದರೆ ಬೇಡ. ಒಳಾಂಗಣದ ಪಿಯು ಬಿಸಿಲು, ಎರಚಲು ಎರಡನ್ನೂ ತಾಳದೆ ಸಿಪ್ಪೆ ಏಳುತ್ತದೆ; ಹೊರಗಿಗೆ ಎಂದೇ ಬರೆದಿರುವ, ಬಿಸಿಲಿನ ಯುವಿ ಕಿರಣ ತಡೆಯುವ ಬಗೆ ಬೇರೆ ಇದೆ.

ಗೋಣಿಕೊಪ್ಪಲಿನಿಂದ ಮತ್ತೆ:

ಒಂದು ಮಾತು ಬಿಟ್ಟುಹೋಯಿತು. ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಕೊನೆಯ ಕೋಟ್ ಆದ ಮೇಲೆ ಮೂರು ನಾಲ್ಕು ವಾರ ಬಿಸಿ ಪಾತ್ರೆ, ಪ್ಲಾಸ್ಟಿಕ್ ಹಾಸು, ಒದ್ದೆ ಬಟ್ಟೆ ಯಾವುದೂ ಮೇಜಿನ ಮೇಲೆ ಬರಬಾರದು. ನವೆಂಬರ್-ಡಿಸೆಂಬರ್ ಹೊತ್ತಿಗೆ ಬರುವ ಸುಗ್ಗಿ ಹಬ್ಬ ಹುತ್ತರಿಗೆ ಮೇಜು ಬೇಕೇ ಬೇಕು ಎನ್ನುವುದಾದರೆ ಹಬ್ಬ ಮುಗಿಸಿಕೊಂಡೇ ಕೆಲಸಕ್ಕೆ ಇಳಿಯಿರಿ.