ಶೇ 1, ಶೇ 66 ಮತ್ತು ನಮ್ಮ ಮನೆ ಗುಂಪು

ಚಿಕ್ಕಪ್ಪ (ಫಾರ್ವರ್ಡ್): ಜಗತ್ತಿನ ಅತಿ ಶ್ರೀಮಂತ ಶೇ 1 ಮಂದಿ ಬಿಡುವ ಇಂಗಾಲ = ಅತಿ ಬಡ ಶೇ 66 ಮಂದಿ ಬಿಡುವ ಇಂಗಾಲ!! ಸರ್ಕಾರ ಸರಿಯಿದ್ದು, ಆದಾಯ ಸಮನಾಗಿ ಹಂಚಿದರೆ ಹೊಗೆ ತಾನಾಗಿಯೇ ನಿಲ್ಲುತ್ತದೆ. ಎಲ್ಲರಿಗೂ ತಲುಪಿಸಿ 🙏

ಚಿಕ್ಕಪ್ಪ: ನಮ್ಮ ಮನೆಯ ಶೇ 1 ಯಾರು ಅಂತ ನಾನು ಹೇಳಬೇಕಿಲ್ಲ 😄

ಭಾವ: ಗೊತ್ತಾಯಿತು ಮಾವ. ಆಫೀಸಿನವರು ಕಳಿಸಿದರೆ ವಿಮಾನ ಹತ್ತಲೇಬೇಕು.

ಅಕ್ಕ: ಇದು ಎಲ್ಲಿಂದ ಬಂತು ಚಿಕ್ಕಪ್ಪ?

ಚಿಕ್ಕಪ್ಪ: ಗೆಳೆಯ ಕಳಿಸಿದ. ನಿವೃತ್ತ ಪ್ರೊಫೆಸರ್.

ಅಕ್ಕ: ಯಾವ ವಿಷಯದ ಪ್ರೊಫೆಸರ್?

(ಚಿಕ್ಕಪ್ಪ ಟೈಪ್ ಮಾಡುತ್ತಿದ್ದರು. ಆಮೇಲೆ ನಿಲ್ಲಿಸಿದರು.)

ಅಕ್ಕ: ಮೊದಲ ಸಾಲು ಸರಿ. ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫಾಮ್ ಸಂಸ್ಥೆಯ 2023ರ ವರದಿಯದು, ಲೆಕ್ಕ 2019ನೇ ವರ್ಷದ್ದು. ಎರಡನೆಯದನ್ನು ಯಾರೋ ಸುಮ್ನೆ ಅಂಟಿಸಿದ್ದಾರೆ. ಕೆನಡಾ, ಆಸ್ಟ್ರೇಲಿಯಾ ಆಡಳಿತದಲ್ಲಿ ಒಳ್ಳೆ ಅಂಕ ತೆಗೆಯುವ ದೇಶಗಳು. ತಲಾ ಇಂಗಾಲ ಮಾತ್ರ ಜಗತ್ತಿನ ಸರಾಸರಿಯ ಎರಡು ಪಟ್ಟಿಗಿಂತ ಜಾಸ್ತಿ.

ದೊಡ್ಡಪ್ಪ: ಆಸೆ ಕಡಿಮೆ ಮಾಡಿಕೊಂಡರೆ ಎಲ್ಲ ಸರಿಹೋಗುತ್ತದೆ. ನಾವು ಸೈಕಲ್ ತುಳಿದೇ ಬದುಕಿದವರು.

ಅತ್ತೆ: ಅಣ್ಣಾ, ಆ ಸೈಕಲ್ ನಂದು! ಕೇಳದೆ ತಗೊಂಡು ಹೋಗಿ ಪಂಕ್ಚರ್ ಮಾಡಿ ತಂದು ನಿಲ್ಲಿಸುತ್ತಿದ್ದೆ.

ದೊಡ್ಡಪ್ಪ: ಒಂದೇ ಸಲ.

ಅತ್ತೆ: ಹಿಂದಿನ ಚಕ್ರ ಒಂದೇ ಸಲ. ಮುಂದಿನದ್ದರ ಲೆಕ್ಕ ಬೇರೆ ಇದೆ.

(ಬೆಲ್ ಯಾವ ಕಡೆ ಇತ್ತು ಎಂಬ ವಾದವನ್ನು ಇಲ್ಲಿ ಬಿಟ್ಟಿದ್ದೇನೆ.)

ನಾನು: ಹಂಚಿದ ಕೂಡಲೇ ಇಂಗಾಲ ಇಳಿಯುತ್ತದೆ ಅಂತಲೂ ಇಲ್ಲ. 2000ದಲ್ಲಿ ಅರ್ಥಶಾಸ್ತ್ರಜ್ಞ ಮಾರ್ಟಿನ್ ರವಾಲಿಯನ್ ಮತ್ತು ಜೊತೆಗಾರರು ಹಲವು ದೇಶಗಳ ಅಂಕಿಅಂಶ ನೋಡಿದರು. ಸರಾಸರಿ ಆದಾಯ ಅಷ್ಟೇ ಇದ್ದಾಗ, ಅಸಮಾನತೆ ಜಾಸ್ತಿ ಇದ್ದ ಕಡೆ ಇಂಗಾಲ ಕಡಿಮೆ ಇತ್ತು. ಕಾಸಿಲ್ಲದವರ ಕೈಗೆ ಕಾಸು ಬಂದರೆ ಮೊದಲು ಕರೆಂಟು, ಆಮೇಲೆ ಬೈಕು, ಅಲ್ವಾ?

ಚಿಕ್ಕಪ್ಪ: ಅಂದರೆ ಬಡವರು ಬಡವರಾಗೇ ಇರಲಿ ಅಂತೀಯಾ?

ನಾನು: ಹಾಗೆ ಯಾರು ಅಂದರು ಚಿಕ್ಕಪ್ಪ!

ಚಿಕ್ಕಪ್ಪ: ಸ್ಕ್ರೀನ್‌ಶಾಟ್ ಇಟ್ಟಿದ್ದೇನೆ.

ಭಾವ: ಜಗಳ ಯಾಕೆ, ಇಂಗಾಲಕ್ಕೆ ತೆರಿಗೆ ಹಾಕಲಿ. ಸ್ವೀಡನ್‌ನಲ್ಲಿ 1991ರಿಂದ ಇದೆ.

ಅಕ್ಕ: ಫ್ರಾನ್ಸ್‌ನಲ್ಲಿ 2018ರಲ್ಲಿ ಏನಾಯಿತು? ವರ್ಷದ ಶುರುವಿನಲ್ಲೇ ಸಿರಿವಂತರ ಸಂಪತ್ತಿನ ತೆರಿಗೆ ತೆಗೆದು, ಮನೆ-ಜಮೀನಿಗೆ ಮಾತ್ರ ಉಳಿಸಿದರು. ಇತ್ತ ಡೀಸೆಲ್ ತೆರಿಗೆ ಏರಿಸಿದರು. ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದ ಊರಿನವರು ಹಳದಿ ಜಾಕೆಟ್ ಹಾಕಿಕೊಂಡು ರಸ್ತೆಗಿಳಿದರು. ಮುಂದಿನ ವರ್ಷದ ಏರಿಕೆಯನ್ನು ಸರ್ಕಾರ ಕೈಬಿಡಬೇಕಾಯಿತು. ಆದಾಯದ ಅಂತರ ಕಾಲು ಹಿಡಿದೆಳೆಯುವುದು ಇಲ್ಲಿ. ಭಾರ ನಮ್ಮ ತಲೆ ಮೇಲೆ ಮಾತ್ರ ಅನ್ನಿಸಿದರೆ ಯಾರು ತೆರಿಗೆ ಒಪ್ಪುತ್ತಾರೆ?

ಭಾವ: ಗಂಡನ ಪರ ಒಂದು ಸಾಲಾದರೂ ಬರೆಯಬಹುದಿತ್ತು.

ಅತ್ತೆ: 👍

(ಯಾರ ಮಾತಿಗೆ ಎಂದು ಇನ್ನೂ ತಿಳಿದಿಲ್ಲ.)

ಚಿಕ್ಕಪ್ಪ: ಭಾರದ ಮಾತು ಬಂತಲ್ಲ, ಹೇಳೇ ಬಿಡುತ್ತೇನೆ. ಮದುವೆ ಹಾಲ್ ಖರ್ಚು ಸಮನಾಗಿ ಹಂಚಿಕೊಳ್ಳೋಣ ಅಂದಾಗ ಇದೇ ಗುಂಪಿನಲ್ಲಿ ಯಾರು ಬಾಯಿ ಬಿಡಲಿಲ್ಲ?

ಅಕ್ಕ: ಚಿಕ್ಕಪ್ಪ, ಅದು ಹೋದ ವರ್ಷವೇ ಮುಗಿಯಿತು.

ಚಿಕ್ಕಪ್ಪ: ನಿಮಗೆ ಮುಗಿಯಿತು.

ದೊಡ್ಡಪ್ಪ: ಗುಂಪಿನ ಫೋಟೊ ಬದಲಾಯಿಸಿದ್ದು ಯಾರು? ನನ್ನ ಮುಖ ಅರ್ಧ ಕಟ್ ಆಗಿದೆ.