ಸಹಾಯ ಬೇಕು: ಕನ್ನಡಕದ ಮೇಲೆ ಹಾಕೋ ಸ್ಕೀ ಗಾಗಲ್ಸ್‌ಗೆ ಯಾವ ಲೆನ್ಸ್?

ನಮಸ್ಕಾರ. ಸ್ಕೀಯಿಂಗ್ ಕಲೀತಿದ್ದೀನಿ. ಕನ್ನಡಕ ಇಲ್ಲದೆ ನಂಗೆ ಏನೂ ಕಾಣಲ್ಲ. ಈಗಿರೋ ಗಾಗಲ್ಸ್ ಒಳಗೆ ಕನ್ನಡಕ ಹಾಕ್ಕೊಂಡ್ರೆ ಎರಡೇ ಸುತ್ತಿಗೆ ಮಸುಕಾಗುತ್ತೆ. ಮೂಗಿನ ಹತ್ರ ಶುರುವಾಗಿ ಆವಿ ಹಾಗೇ ಮೇಲಕ್ಕೆ ಹಬ್ಬುತ್ತೆ. ಗಾಗಲ್ಸ್ ಒಳಭಾಗವನ್ನ ಕೈಗವಸಲ್ಲೇ ಒರೆಸಿದ್ದೆ, ಅದು ತಪ್ಪಾಯ್ತು. ಆ್ಯಂಟಿ-ಫಾಗ್ ಲೇಪನ ಕಿತ್ತುಹೋಗಿ ಈಗ ಇನ್ನೂ ಬೇಗ ಆವಿ ಕಟ್ಟುತ್ತೆ. ಮುಖದ ಬಟ್ಟೆ ಮೂಗಿನಿಂದ ಕೆಳಗಿಳಿಸಿದೆ, ಗಾಳಿಕಿಂಡಿಗಳಲ್ಲಿ ಕೂತ ಹಿಮ ತೆಗೆದೆ. ಸ್ವಲ್ಪ ವಾಸಿ, ಅಷ್ಟೇ.

ಹೊಸದು ತಗೊಳ್ಳಲೇಬೇಕು. ಎರಡು ಪದರದ ಲೆನ್ಸ್, ಕನ್ನಡಕಕ್ಕೆ ಜಾಗ ಇರೋ ಓಟಿಜಿ ಫ್ರೇಮ್, ಹೆಲ್ಮೆಟ್ ಜೊತೆ ಹಣೆ ಹತ್ರ ಸಂದಿ ಬಿಡಬಾರದು. ಇಷ್ಟು ಖಚಿತ. ಗೊಂದಲ ಇರೋದು ಲೆನ್ಸ್ ಗಾಢತೆಲಿ. ಗಾಢತೆ ಹೇಳೋ ದರ್ಜೆಗಳಲ್ಲಿ ಎಸ್3 ಬೆಳಕಿನ 8ರಿಂದ 18% ಮಾತ್ರ ಒಳಗೆ ಬಿಡುತ್ತೆ, ಬಿಸಿಲಿಗೆ ಸರಿ. ಎಸ್1 43ರಿಂದ 80% ಬಿಡುತ್ತೆ, ಮೋಡಕ್ಕೆ ಒಳ್ಳೇದು. ನಾನು ಹೋಗೋ ದಿನ ಬೆಳಗ್ಗೆ ಮೋಡ ಇರುತ್ತೆ, ಇಳಿಜಾರಿನ ಉಬ್ಬುತಗ್ಗು ಒಂದೂ ಗೊತ್ತಾಗಲ್ಲ, ನಿಜಕ್ಕೂ ಭಯ ಆಗುತ್ತೆ. ಮಧ್ಯಾಹ್ನ ನೋಡಿದ್ರೆ ಹಿಮದ ಮೇಲಿನ ಬಿಸಿಲಿಗೆ ಕಣ್ಣು ಬಿಡೋಕಾಗಲ್ಲ.

ಇವೆರಡರ ನಡುವಿನ ಎಸ್2 ಲೆನ್ಸ್ ಒಂದೇ ಇಡೀ ದಿನಕ್ಕೆ ಸಾಕಾಗುತ್ತಾ, ಇಲ್ಲ ಲೆನ್ಸ್ ಬದಲಿಸೋ ಮಾದರಿ ತಗೊಂಡು ಎಸ್1, ಎಸ್3 ಎರಡೂ ಇಟ್ಕೊಳ್ಳಲಾ? ಕನ್ನಡಕ ಹಾಕ್ಕೊಂಡು ಸ್ಕೀ ಮಾಡೋರು ದಯವಿಟ್ಟು ಹೇಳಿ.