ಓಟಕ್ಕೆ ಮುಂಚಿನ ಪ್ರಾರ್ಥನೆ, ಸೋಲಿನ ನಂತರದ ಅಪರಾಧಿ ಭಾವ: ತರಬೇತುದಾರ ಏನು ಮಾಡಬೇಕು?

ಪ್ರಶ್ನೆ (ದೈಹಿಕ ಶಿಕ್ಷಣ ಶಿಕ್ಷಕ, ಹಾಸನ ಜಿಲ್ಲೆ)

ನನ್ನ ಬಳಿ 400 ಮೀಟರ್ ಓಟದ ತರಬೇತಿ ಪಡೆಯುತ್ತಿರುವ ಹತ್ತನೇ ತರಗತಿಯ ಹುಡುಗಿಯೊಬ್ಬಳ ವಿಷಯವಾಗಿ ಸಲಹೆ ಕೇಳುತ್ತಿದ್ದೇನೆ. ಓಟಕ್ಕೆ ಮೊದಲು ಟ್ರ್ಯಾಕಿನ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಮನೆದೇವರ ಹೆಸರನ್ನು ಹೇಳಿಕೊಂಡು ನಿಲ್ಲುವುದು ಅವಳ ರೂಢಿ. ಹಾಗೆ ಮಾಡಿದ ಮೇಲೆ ಅವಳ ಉಸಿರು ಹತೋಟಿಗೆ ಬರುವುದನ್ನೂ ಬಿಗಿದ ಭುಜಗಳು ಸಡಿಲವಾಗುವುದನ್ನೂ ನಾನು ಗಮನಿಸಿದ್ದೇನೆ. ಆದ್ದರಿಂದ ಅದನ್ನು ತಡೆಯುವ ಯೋಚನೆ ನನಗೆ ಬಂದಿಲ್ಲ. ತೊಂದರೆ ಎದುರಾದದ್ದು ಜಿಲ್ಲಾ ಮಟ್ಟದ ಕೂಟದಲ್ಲಿ. ಮನೆಯವರು ಹೊತ್ತ ಹರಕೆಯಂತೆ ಅವಳು ಶನಿವಾರ ಮಧ್ಯಾಹ್ನದವರೆಗೆ ಏನನ್ನೂ ತಿನ್ನುವುದಿಲ್ಲ, ಕೂಟವೂ ಶನಿವಾರವೇ ಬಿತ್ತು. ಮೊದಲ 250 ಮೀಟರ್‌ವರೆಗೆ ಎಲ್ಲರಿಗಿಂತ ಮುಂದಿದ್ದವಳು ಕೊನೆಯ ನೇರದಲ್ಲಿ ಕಾಲು ಕಟ್ಟಿದಂತಾಗಿ ನಾಲ್ಕನೆಯವಳಾದಳು. ಹಿಂದಿನ ಶನಿವಾರ ಅಭ್ಯಾಸದ ನಂತರ ಮರೆತು ಒಂದು ಬಾಳೆಹಣ್ಣು ತಿಂದಿದ್ದಳಂತೆ; ಅದರಿಂದ ದೇವರು ಮುನಿಸಿಕೊಂಡದ್ದೇ ಸೋಲಿಗೆ ಕಾರಣ ಎಂದು ಈಗ ನಂಬಿದ್ದಾಳೆ, ಮೈದಾನಕ್ಕೆ ಬರಲು ಹಿಂಜರಿಯುತ್ತಿದ್ದಾಳೆ. ಅವಳ ಭಕ್ತಿಗೆ ನೋವಾಗದಂತೆ ಈ ಭಯವನ್ನು ಹೇಗೆ ಬಿಡಿಸಲಿ?

ಉತ್ತರ 1 (ಅಥ್ಲೆಟಿಕ್ಸ್ ತರಬೇತುದಾರ, ಬೆಂಗಳೂರು)

ಮೊದಲು ಓಟದ ಮಾತು. 400 ಮೀಟರ್‌ನಲ್ಲಿ ಮೊದಲ 250 ಮೀಟರನ್ನು ಮಿತಿಮೀರಿದ ವೇಗದಲ್ಲಿ ಓಡಿದ ಯಾರಿಗೇ ಆದರೂ, ಹೊಟ್ಟೆ ತುಂಬಿರಲಿ ಖಾಲಿಯಿರಲಿ, ಸ್ನಾಯುಗಳಲ್ಲಿ ಆಮ್ಲೀಯತೆ ಏರಿ ಕೊನೆಯ ನೇರದಲ್ಲಿ ಕಾಲು ಏಳುವುದಿಲ್ಲ. ಉಪವಾಸ ಅದನ್ನು ಇನ್ನಷ್ಟು ಕಠಿಣಗೊಳಿಸಿರಬಹುದು, ಆದರೆ ನೀವು ಹೇಳಿದ ಲಕ್ಷಣ ಮುಖ್ಯವಾಗಿ ವೇಗದ ಹಂಚಿಕೆಯ ದೋಷವನ್ನು ಸೂಚಿಸುತ್ತದೆ. ಇದನ್ನು ಅವಳಿಗೆ ಸ್ಟಾಪ್‌ವಾಚ್ ಹಿಡಿದು ತೋರಿಸಿ. ತನ್ನ ಸೋಲಿಗೆ ಕಣ್ಣಿಗೆ ಕಾಣುವ, ತಿದ್ದಿಕೊಳ್ಳಬಹುದಾದ ಒಂದು ಕಾರಣ ಇದೆ ಎಂದು ತಿಳಿದಾಗ ದೇವರ ಮುನಿಸಿನ ಭಯ ಬಹುಮಟ್ಟಿಗೆ ತಾನಾಗಿ ಕಡಿಮೆಯಾಗುತ್ತದೆ.

ಮಣ್ಣು ಮುಟ್ಟಿ ನಮಸ್ಕರಿಸುವ ಅಭ್ಯಾಸವನ್ನು ಖಂಡಿತ ಉಳಿಸಿ. ಸ್ಪರ್ಧೆಗೆ ಮುನ್ನ ಪ್ರತಿ ಸಲವೂ ಒಂದೇ ಕ್ರಮದಲ್ಲಿ ಮಾಡುವ ಸಣ್ಣ ಕ್ರಿಯೆಗಳು ಚದುರಿದ ಗಮನವನ್ನು ಒಂದೆಡೆ ತರುತ್ತವೆ; ನಂಬಿಕೆ ಇಲ್ಲದ ಆಟಗಾರರೂ ಇಂತಹ ಕ್ರಮಗಳನ್ನು ಇಟ್ಟುಕೊಂಡಿರುತ್ತಾರೆ. ಆದರೆ ನಂಬುವವರಿಗೆ ಪ್ರಾರ್ಥನೆ ಇನ್ನೂ ಒಂದು ಕೆಲಸ ಮಾಡಬಲ್ಲದು, ಫಲದ ಭಾರವನ್ನು ಇಳಿಸುವ ಕೆಲಸ. ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಪಿಸ್ತೂಲು ಕೈಕೊಟ್ಟು ಫೈನಲ್ ತಪ್ಪಿಸಿಕೊಂಡಿದ್ದ ಮನು ಭಾಕರ್, 2024ರಲ್ಲಿ ಪ್ಯಾರಿಸ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಕಂಚು ಗೆದ್ದ ಮೇಲೆ ಗೀತೆಯ ಮಾತನ್ನು ನೆನೆದರು: ಕರ್ಮದ ಕಡೆ ಗಮನವಿರಲಿ, ಫಲ ನಮ್ಮ ಕೈಯಲ್ಲಿಲ್ಲ. ನಿಮ್ಮ ಹುಡುಗಿಯ ಪ್ರಾರ್ಥನೆಯಲ್ಲಿ ಈ ಭಾಗವೇ ಬಿಟ್ಟುಹೋಗಿದೆ ಎಂದು ನನಗೆ ಅನ್ನಿಸುತ್ತದೆ. ಅವಳು ದೇವರನ್ನು ಏನು ಕೇಳಿಕೊಳ್ಳುತ್ತಾಳೆ ಎಂದು ಒಮ್ಮೆ ಮೆಲ್ಲನೆ ವಿಚಾರಿಸಿ.

ಉತ್ತರ 2 (ಹಳೆಯ ಪೈಲ್ವಾನ, ಮೈಸೂರು)

ನಾವು ಗರಡಿಯಲ್ಲಿ ಬೆಳೆದವರು. ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿಗೆ ಪೂಜೆ ಮಾಡಿ, ಹನುಮಂತನಿಗೆ ಕೈಮುಗಿದು, ವಸ್ತಾದರ ಕಾಲು ಮುಟ್ಟಿದ ಮೇಲೆಯೇ ಸಾಮು ಶುರುವಾಗುತ್ತಿತ್ತು. ಸೋತವನೂ ಗೆದ್ದವನೂ ಮರುದಿನ ಬೆಳಿಗ್ಗೆ ಅದೇ ಮಟ್ಟಿಯನ್ನು ಗುದ್ದಲಿಯಿಂದ ಅಗೆದು ಮತ್ತೆ ಹದ ಮಾಡಬೇಕಿತ್ತು. ಸೋತದ್ದಕ್ಕೆ ಆಂಜನೇಯ ಸಿಟ್ಟಾಗಿದ್ದಾನೆ ಎಂದು ನಮ್ಮಲ್ಲಿ ಯಾರೂ ಹೇಳುತ್ತಿರಲಿಲ್ಲ. ಪಟ್ಟು ತಪ್ಪಿತು, ಉಸಿರು ಸಾಲಲಿಲ್ಲ ಎಂದೇ ಹೇಳುತ್ತಿದ್ದರು.

ಇನ್ನು ಹರಕೆಯ ವಿಷಯ. ನಮ್ಮ ಹಿರಿಯರು ಇದಕ್ಕೆ ದಾರಿ ಇಟ್ಟೇ ಇದ್ದಾರೆ. ಹರಕೆಯಲ್ಲಿ ಲೋಪವಾದರೆ ತಪ್ಪುಕಾಣಿಕೆ ಒಪ್ಪಿಸುತ್ತಾರೆ, ಈಗ ತೀರಿಸಲಾಗದ್ದಕ್ಕೆ ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಮುಡಿಪು ತೆಗೆದಿಡುತ್ತಾರೆ. ಹರಕೆ ಹೊತ್ತವರು ಯಾರು ಎಂದು ತಿಳಿದುಕೊಂಡು, ಅವರ ಮನೆಗೇ ಹೋಗಿ, ಕೂಟದ ದಿನಗಳ ಮಟ್ಟಿಗೆ ವ್ರತವನ್ನು ಮುಂದೂಡಲು ದೇವರಲ್ಲಿ ಅಪ್ಪಣೆ ಕೇಳಿಕೊಳ್ಳುವಂತೆ ಹೇಳಿ. ಈ ಮಾತು ನಿಮ್ಮ ಬಾಯಿಂದ ಬರುವುದಕ್ಕಿಂತ ಅವಳ ಅಜ್ಜಿಯ ಬಾಯಿಂದ ಬಂದರೆ ಹುಡುಗಿ ಒಪ್ಪುತ್ತಾಳೆ.

ಉತ್ತರ 3 (ಓದುಗಿ, ಮಂಗಳೂರು)

ಮೇಲಿನ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ, ಏಕೆಂದರೆ ನಮ್ಮಲ್ಲಿಯೂ ಇದೇ ಪ್ರಶ್ನೆ ಬರುತ್ತದೆ. 2012ರ ಲಂಡನ್ ಒಲಿಂಪಿಕ್ಸ್ ರಂಜಾನ್ ತಿಂಗಳಲ್ಲಿಯೇ ನಡೆಯಿತು. ಪ್ರಯಾಣದಲ್ಲಿರುವವರು ಉಪವಾಸವನ್ನು ಬಿಟ್ಟು ನಂತರದ ದಿನಗಳಲ್ಲಿ ಪೂರೈಸಬಹುದೆಂಬ ಅನುಮತಿ ಧರ್ಮದಲ್ಲಿಯೇ ಇರುವುದರಿಂದ ಮೊ ಫರಾ ಅವರಂತಹ ಓಟಗಾರರು ಅದನ್ನು ಮುಂದೂಡಿದರು. ಫರಾ 5,000 ಮತ್ತು 10,000 ಮೀಟರ್ ಎರಡರಲ್ಲೂ ಚಿನ್ನ ಗೆದ್ದರು. ಇತ್ತ ಬ್ಯಾಸ್ಕೆಟ್‌ಬಾಲ್‌ನ ಹಕೀಮ್ ಒಲಾಜುವಾನ್ ಉಪವಾಸವಿದ್ದೇ ಪಂದ್ಯಗಳನ್ನು ಆಡಿದರು. ಇಬ್ಬರಲ್ಲಿ ಯಾರ ಭಕ್ತಿಯೂ ಕಡಿಮೆಯದಲ್ಲ. ಆದರೆ ಅವರು ಪ್ರಬುದ್ಧ ವಯಸ್ಸಿನವರು, ತಾವೇ ಯೋಚಿಸಿ ನಿರ್ಧರಿಸಿದವರು. ಇಲ್ಲಿ ಹರಕೆ ಹೊತ್ತವರು ಒಬ್ಬರು, ಹಸಿದು ಓಡಿದವಳು ಇನ್ನೊಬ್ಬಳು. ನನಗೆ ಸಂಕಟವಾಗುವುದು ಅದಕ್ಕೇ.

ಉತ್ತರ 4 (ಕ್ರೀಡಾ ಇತಿಹಾಸದ ಆಸಕ್ತ, ಧಾರವಾಡ)

ಎರಿಕ್ ಲಿಡೆಲ್ ಅವರ ಕಥೆಯನ್ನು ಅವಳಿಗೆ ಹೇಳಿ, ಅವಳದೇ ಓಟದ ಕಥೆ ಅದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್‌ನ ಪ್ರಾಥಮಿಕ ಸುತ್ತು ಭಾನುವಾರ ಇದ್ದುದರಿಂದ, ಆ ದಿನ ದೇವರಿಗೆ ಮೀಸಲು ಎಂದು ನಂಬಿದ್ದ ಸ್ಕಾಟ್ಲೆಂಡಿನ ಈ ಓಟಗಾರ ತನ್ನ ಅತ್ಯುತ್ತಮ ಸ್ಪರ್ಧೆಯನ್ನೇ ಬಿಟ್ಟರು. ಬದಲಿಗೆ 400 ಮೀಟರ್‌ಗೆ ತಿಂಗಳುಗಟ್ಟಲೆ ಅಭ್ಯಾಸ ನಡೆಸಿ 47.6 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಇದನ್ನು ಕೇಳಿದವರು ‘ನೋಡಿ, ದೇವರು ಪ್ರತಿಫಲ ಕೊಟ್ಟ’ ಎನ್ನುತ್ತಾರೆ. ನಾನು ಹಾಗೆ ಓದುವುದಿಲ್ಲ. 100 ಮೀಟರನ್ನು ಕೈಬಿಟ್ಟಾಗ ಪದಕದ ಭರವಸೆ ಅವರಿಗೆ ಎಲ್ಲಿಂದಲೂ ಸಿಕ್ಕಿರಲಿಲ್ಲ. ಮರುವರ್ಷವೇ ಓಟವನ್ನು ಬದಿಗಿಟ್ಟು ಚೀನಾಕ್ಕೆ ಮಿಷನರಿಯಾಗಿ ಹೋದ ಅವರು 1945ರಲ್ಲಿ ಅಲ್ಲಿಯ ಜಪಾನಿ ಬಂಧನ ಶಿಬಿರದಲ್ಲಿ ತೀರಿಕೊಂಡರು. ಅವರ ನಂಬಿಕೆ ಗೆಲುವಿಗೆ ಕಟ್ಟಿದ ಬೆಲೆಯಾಗಿರಲಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಟ್ರಿಪಲ್ ಜಂಪ್‌ನ ಜೋನಾಥನ್ ಎಡ್ವರ್ಡ್ಸ್ ಕೂಡ ಭಾನುವಾರದ ಕಾರಣಕ್ಕೆ 1991ರ ವಿಶ್ವ ಚಾಂಪಿಯನ್‌ಶಿಪ್ ಬಿಟ್ಟವರು, ಮುಂದೆ ಮನಸ್ಸು ಬದಲಿಸಿ 1995ರಲ್ಲಿ 18.29 ಮೀಟರ್ ಜಿಗಿದು ವಿಶ್ವದಾಖಲೆ ಮಾಡಿದವರು. ನಿವೃತ್ತಿಯ ನಂತರ ಅವರು ನಂಬಿಕೆಯನ್ನೇ ಕಳೆದುಕೊಂಡರು, ಅದನ್ನು ಬಚ್ಚಿಡದೆ ಹೇಳಿದರು. ಆದ್ದರಿಂದ ಶಿಕ್ಷಕರೇ, ಅವಳ ನಂಬಿಕೆಯನ್ನು ಗಟ್ಟಿ ಮಾಡುವ ಹೊಣೆಯನ್ನೂ ನೀವು ಹೊರಬೇಡಿ. ಮುಂದೊಂದು ದಿನ ಅವಳು ಪ್ರಾರ್ಥಿಸದೆ ಓಡಲು ಬಯಸಿದರೆ ಅದಕ್ಕೂ ನಿಮ್ಮ ಮೈದಾನದಲ್ಲಿ ಜಾಗವಿರಬೇಕು.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಕೃತಜ್ಞತೆಗಳು. ಹರಕೆ ಹೊತ್ತವರು ಅವಳ ಅಜ್ಜಿಯೇ ಎಂದು ಇಂದು ತಿಳಿಯಿತು. ಭಾನುವಾರ ಅವರ ಮನೆಗೆ ಹೋಗಿ ಮಾತನಾಡುತ್ತೇನೆ. ವೇಗದ ಹಂಚಿಕೆಯ ಬಗ್ಗೆ ಬೆಂಗಳೂರಿನ ತರಬೇತುದಾರರಲ್ಲಿ ಒಂದು ವಿನಂತಿ: ಮೊದಲ 200 ಮೀಟರನ್ನು ಅವಳ ಅತ್ಯುತ್ತಮ 200 ಮೀಟರ್ ವೇಳೆಗಿಂತ ಎಷ್ಟು ನಿಧಾನವಾಗಿ ಓಡಿಸಬೇಕು, ಅದನ್ನು ಶಾಲೆಯ ಮಣ್ಣಿನ ಟ್ರ್ಯಾಕಿನಲ್ಲಿ ರೂಢಿಸುವುದು ಹೇಗೆ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.